ಗ್ಯಾಸ್ ತುಂಬಿಸುವ ಮುಂಚೆ ಫ್ಲಾಪ್ ಮೋಟಾರ್ ನೋಡಿ

ಏಪ್ರಿಲ್ ಬಂತೆಂದರೆ ಮೈಸೂರು, ಮಂಡ್ಯದ ಕಾರ್ ಎಸಿ ಗ್ಯಾರೇಜುಗಳಲ್ಲಿ ಬಿಡುವಿರುವುದಿಲ್ಲ. ಬಂದವರ ಬಾಯಲ್ಲಿ ಹೆಚ್ಚಾಗಿ ಒಂದೇ ಮಾತು: ‘ಕೂಲಿಂಗ್ ಇಲ್ಲ, ಗ್ಯಾಸ್ ಹಾಕಿ.’ ಗ್ಯಾಸ್ ಹಾಕಿಸಿಕೊಂಡು ಹೋದವರಲ್ಲಿ ಕೆಲವರು ಅದೇ ದೂರು ಹೊತ್ತು ವಾಪಸ್ ಬರುತ್ತಾರೆ. ಕಾರಿನ ಎಸಿ ಗ್ಯಾಸು ಓಡಿಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಪೈಪುಗಳೊಳಗೆ ಸುಮ್ನೆ ಸುತ್ತುತ್ತಿರುತ್ತದೆ. ರಬ್ಬರ್ ಪೈಪುಗಳಿಂದ ವರ್ಷಗಟ್ಟಲೆಯಲ್ಲಿ ಒಂಚೂರು ಜಿನುಗುವುದುಂಟು. ಆದರೆ ಬೇಗ ಬೇಗ ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಗ್ಯಾಸ್ ಸರಿಯಾಗಿದ್ದೂ ಬಿಸಿ ಗಾಳಿ ಬರಬಹುದು. ಗಾಳಿಯನ್ನು ತಣ್ಣಗೆ ಮಾಡುವುದು ಒಂದು ಕೆಲಸ, ಆ ಗಾಳಿಯನ್ನು ನಿಮ್ಮ ಮುಖದವರೆಗೆ ತರುವುದು ಇನ್ನೊಂದು ಕೆಲಸ. ಎರಡನೆಯದನ್ನು ಮಾಡುವವು ಡ್ಯಾಷ್‌ಬೋರ್ಡಿನ ಒಳಗಿರುವ ಪ್ಲಾಸ್ಟಿಕ್ ಬಾಗಿಲುಗಳು. ಅವನ್ನು ತಿರುಗಿಸಲು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮೋಟಾರುಗಳಿರುತ್ತವೆ. ಗ್ಯಾರೇಜಿನಲ್ಲಿ ಇದನ್ನು ಫ್ಲಾಪ್ ಮೋಟಾರ್ ಎನ್ನುತ್ತಾರೆ. ಬಿಡಿಭಾಗದ ಡಬ್ಬಿಯ ಮೇಲೆ ಆಕ್ಚುಯೇಟರ್ ಅಥವಾ ಡ್ಯಾಂಪರ್ ಮೋಟಾರ್ ಎಂದಿರಬಹುದು.

ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಕನ್ನಂಬಾಡಿ ತುಂಬಿರಲಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುತ್ತಿರಲಿ, ತೂಬು ಎತ್ತದಿದ್ದರೆ ನಿಮ್ಮ ಗದ್ದೆಗೆ ಹನಿ ನೀರೂ ಬರುವುದಿಲ್ಲ. ಡ್ಯಾಷ್‌ಬೋರ್ಡಿನ ಫ್ಲಾಪ್ ಆ ತೂಬು. ಮೋಟಾರ್ ಅದನ್ನು ಎತ್ತಿ ಇಳಿಸುವ ನೀರುಗಂಟಿ. ತೂಬಿಗೇ ಕಲ್ಲು ಸಿಕ್ಕಿಕೊಂಡಿದ್ದರೆ ನೀರುಗಂಟಿಯನ್ನು ಬದಲಾಯಿಸಿ ಏನು ಬಂತು? ಹಾಗಾಗಿ ಹೊಸ ಮೋಟಾರಿಗೆ ದುಡ್ಡು ಕೊಡುವ ಮುಂಚೆ ಫ್ಲಾಪನ್ನು ಒಮ್ಮೆ ಕೈಯಲ್ಲೇ ತಿರುಗಿಸಿ ನೋಡಬೇಕು. ಬಹಳ ಕಡೆ ತಪ್ಪಿಹೋಗುವುದು ಈ ಒಂದು ಹೆಜ್ಜೆ.

ಡ್ಯಾಷ್‌ಬೋರ್ಡಿನ ಹಿಂದಿನ ಡಬ್ಬಿ

ಡ್ಯಾಷ್‌ಬೋರ್ಡಿನ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇದೆ. ಗಾಳಿ ಅದರೊಳಗೆ ಬರಲು ಎರಡು ದಾರಿ. ಒಂದು, ಮುಂದಿನ ಗಾಜಿನ ಕೆಳಗೆ ವೈಪರ್ ಹತ್ತಿರ ಇರುವ ಜಾಲರಿಯಿಂದ ಬರುವ ಹೊರಗಿನ ಗಾಳಿ. ಇನ್ನೊಂದು, ಕಾರಿನ ಒಳಗಿನದೇ ಗಾಳಿ. ಯಾವುದನ್ನು ಎಳೆದುಕೊಳ್ಳಬೇಕು ಎಂದು ತೀರ್ಮಾನಿಸುವುದು ಮೊದಲ ಫ್ಲಾಪ್. ಕಾರಿನ ಚಿತ್ರದೊಳಗೆ ಸುತ್ತುವ ಬಾಣವಿರುವ ಬಟನ್ ಇದೆಯಲ್ಲ, ಅದು ಇದಕ್ಕೇ.

ಆಮೇಲೆ ಗಾಳಿ ಬ್ಲೋವರ್, ಅಂದರೆ ಗಾಳಿ ತಳ್ಳುವ ಫ್ಯಾನ್ ದಾಟಿ ಕೂಲಿಂಗ್ ಕಾಯಿಲ್ ಮೂಲಕ ಹಾಯ್ದು ತಣ್ಣಗಾಗುತ್ತದೆ. ಅದರ ಪಕ್ಕದಲ್ಲೇ ಹೀಟರ್ ಕಾಯಿಲ್ ಇದೆ. ಎಂಜಿನ್ನಿನ ಬಿಸಿ ನೀರು ಅದರಲ್ಲಿ ಹರಿಯುತ್ತದೆ. ಎರಡನೆಯ ಫ್ಲಾಪ್ ಇರುವುದು ಇಲ್ಲಿ. ತಣ್ಣಗಾದ ಗಾಳಿಯಲ್ಲಿ ಎಷ್ಟು ಭಾಗ ಹೀಟರ್ ಮೇಲೆ ಹಾಯಬೇಕು, ಎಷ್ಟು ಭಾಗ ನೇರವಾಗಿ ಬರಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಬೇಸಿಗೆಯಲ್ಲೂ ಇದು ಕೆಲಸ ಮಾಡುತ್ತಿರುತ್ತದೆ. ನೀವು 24 ಡಿಗ್ರಿ ಎಂದು ಇಟ್ಟರೆ, ಅನೇಕ ಕಾರುಗಳು ಗಾಳಿಯನ್ನು ಮೊದಲು ಚೆನ್ನಾಗಿ ತಣಿಸಿ, ಬಳಿಕ ಸ್ವಲ್ಪ ಬಿಸಿ ಬೆರೆಸಿ ಆ ಮಟ್ಟಕ್ಕೆ ತರುತ್ತವೆ. ಈ ಫ್ಲಾಪ್ ಬಿಸಿಯ ಕಡೆ ಸಿಕ್ಕಿಕೊಂಡರೆ ಎಷ್ಟು ಗ್ಯಾಸ್ ಇದ್ದರೂ ಅಷ್ಟೇ.

ಮೂರನೆಯದು ಗಾಳಿ ಮುಖಕ್ಕೋ, ಕಾಲಿಗೋ, ಗಾಜಿಗೋ ಎಂದು ಹಂಚುವ ಫ್ಲಾಪ್. ಎಡಬಲಕ್ಕೆ ಬೇರೆ ಬೇರೆ ತಾಪಮಾನ ಇಡಬಹುದಾದ ಕಾರಾದರೆ ಬೆರೆಸುವ ಫ್ಲಾಪೂ ಎರಡು, ಅದರ ಮೋಟಾರೂ ಎರಡು. ನಾಬ್ ತಿರುಗಿಸುವ ಸಾದಾ ಎಸಿಯ ಎಷ್ಟೋ ಕಾರುಗಳಲ್ಲಿ ಈ ಕೆಲಸಕ್ಕೆ ಮೋಟಾರೇ ಇಲ್ಲ, ಕೇಬಲ್ ಇರುತ್ತದೆ. ಅಲ್ಲಿ ನಾಬ್ ಬಿಗಿಯಾಯಿತು ಅಥವಾ ಸುಮ್ನೆ ಸಡಿಲವಾಗಿ ತಿರುಗುತ್ತಿದೆ ಎಂದರೆ ಕೇಬಲ್ ಕ್ಲಿಪ್ ಕಳಚಿರುವ ಸಾಧ್ಯತೆ ಜಾಸ್ತಿ. ಅದು ಅಗ್ಗದ ರಿಪೇರಿ.

ಏನನ್ನೂ ಬಿಚ್ಚದೆ ಪತ್ತೆ ಮಾಡುವುದು

ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆ ಕಿವಿ ಮತ್ತು ಅಂಗೈ ಸಾಕು.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಕಾರ್ ಸ್ಟಾರ್ಟ್ ಮಾಡಿ. ಎಸಿ ಹಾಕಿ, ತಾಪಮಾನವನ್ನು ಪೂರ್ತಿ ಕಡಿಮೆಗೆ ಇಡಿ. ಮೊದಲ ಕೆಲವು ನಿಮಿಷ ಚೆನ್ನಾಗಿ ತಣ್ಣಗೆ ಬರುತ್ತದೆಯೇ? ಕುವೆಂಪುನಗರದಿಂದ ಹೊರಟು ಚಾಮುಂಡಿ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ, ಎಂಜಿನ್ ಕಾದ ಮೇಲೆ, ಅದೇ ಗಾಳಿ ಬೆಚ್ಚಗಾಗುತ್ತದೆಯೇ? ಹಾಗಾದರೆ ಬೆರೆಸುವ ಫ್ಲಾಪ್ ಮೇಲೆ ಅನುಮಾನ ಪಡಬೇಕು. ಎಂಜಿನ್ ತಣ್ಣಗಿದ್ದಾಗ ಹೀಟರಿನಲ್ಲೂ ಬಿಸಿ ನೀರಿರುವುದಿಲ್ಲ. ಫ್ಲಾಪ್ ತೆರೆದೇ ಇದ್ದರೂ ಆಗ ಗೊತ್ತಾಗುವುದಿಲ್ಲ. ನೀರು ಕಾದ ಮೇಲೆ ಗುಟ್ಟು ರಟ್ಟಾಗುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಬಾನೆಟ್ ಎತ್ತಿ. ಎಸಿಯ ಎರಡು ಪೈಪುಗಳಲ್ಲಿ ದಪ್ಪನೆಯದು ತಣ್ಣಗಿರಬೇಕು. ಗಾಳಿಯಲ್ಲಿ ತೇವ ಇದ್ದ ದಿನ ಅದರ ಮೇಲೆ ನೀರಿನ ಹನಿಯೂ ಕಾಣುತ್ತದೆ. ತೆಳುವಾದದ್ದು ಬಿಸಿ ಇರುತ್ತದೆ, ಅದನ್ನು ಮುಟ್ಟಲು ಹೋಗಬೇಡಿ. ಫ್ಯಾನ್, ಬೆಲ್ಟುಗಳಿಂದ ಕೈ ದೂರ ಇರಲಿ. ದಪ್ಪ ಪೈಪ್ ತಣ್ಣಗಿದ್ದೂ ಒಳಗೆ ಬಿಸಿ ಗಾಳಿ ಬರುತ್ತಿದ್ದರೆ ತಣಿಸುವ ವಿಭಾಗ ತನ್ನ ಕೆಲಸ ಮಾಡುತ್ತಿದೆ, ಹಂಚುವ ವಿಭಾಗ ಕೈಕೊಟ್ಟಿದೆ. ದಪ್ಪ ಪೈಪೂ ಬೆಚ್ಚಗೇ ಇದ್ದರೆ ಗ್ಯಾಸ್ ಅಥವಾ ಕಂಪ್ರೆಸರ್ ಕಡೆ ನೋಡಬೇಕು. ಆಗ ಈ ಲೇಖನದಿಂದ ನಿಮಗೆ ಉಪಯೋಗವಿಲ್ಲ.

ಎರಡನೆಯ ಸುಳಿವು ಸದ್ದು. ಕೀ ತಿರುಗಿಸಿದ ಕೂಡಲೇ, ಅಥವಾ ತಾಪಮಾನ ಬದಲಿಸಿದಾಗ, ಡ್ಯಾಷ್‌ಬೋರ್ಡಿನೊಳಗೆ ‘ಟಕ್ ಟಕ್ ಟಕ್’ ಎಂದು ಸ್ವಲ್ಪ ಹೊತ್ತು ಬಡಿದು ನಿಂತರೆ ಅದು ಮೋಟಾರಿನ ಗೇರಿನ ಹಲ್ಲು ಜಾರುವ ಸದ್ದು. ಇದನ್ನು ಬ್ಲೋವರಿಗೆ ಸಿಕ್ಕಿದ ಎಲೆಯ ಸದ್ದಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಬ್ಲೋವರ್ ವೇಗ ಹೆಚ್ಚಿಸಿದರೆ ಎಲೆಯ ಸದ್ದೂ ಚುರುಕಾಗುತ್ತದೆ. ಫ್ಲಾಪ್ ಮೋಟಾರಿನ ಸದ್ದಿಗೂ ಬ್ಲೋವರಿನ ವೇಗಕ್ಕೂ ಸಂಬಂಧವಿಲ್ಲ.

ಒಳಗಾಳಿ-ಹೊರಗಾಳಿ ಫ್ಲಾಪಿನ ಪರೀಕ್ಷೆ ಇನ್ನೂ ಸುಲಭ. ಬ್ಲೋವರ್ ಜೋರಾಗಿ ಇಟ್ಟು ಆ ಬಟನ್ ಒತ್ತಿ. ಒಳಗಾಳಿಗೆ ತಿರುಗಿದಾಗ ಗ್ಲೌವ್ ಬಾಕ್ಸಿನ ಕಡೆಯಿಂದ ಗಾಳಿಯ ಸದ್ದು ಸ್ಪಷ್ಟವಾಗಿ ಜಾಸ್ತಿಯಾಗಬೇಕು. ದೀಪ ಹತ್ತಿದರೂ ಸದ್ದು ಬದಲಾಗದಿದ್ದರೆ ಫ್ಲಾಪ್ ಅಲ್ಲಾಡಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಡೆ ಆಲೆಮನೆಯ ಹೊಗೆ ದಾಟುವಾಗ, ಬಟನ್ ಒತ್ತಿದ್ದೂ ಹೊಗೆ ವಾಸನೆ ಒಳಗೆ ಬರುತ್ತಿದ್ದರೆ ಕಾರಣ ಇದೇ. ಇದು ಹೊರಗಾಳಿಯ ಕಡೆ ಸಿಕ್ಕಿಕೊಂಡರೆ ಕೂಲಿಂಗೂ ಸೊರಗುತ್ತದೆ. ಆಗಲೇ ತಣಿದ ಒಳಗಾಳಿಯ ಬದಲು ಬಿಸಿಲಿನ ಗಾಳಿಯನ್ನು ಪ್ರತಿ ಸಲ ಹೊಸದಾಗಿ ತಣಿಸಬೇಕಲ್ಲ. ಆದರೆ ಗಾಜಿನ ಮಂಜು ಬಿಡಿಸುವ ಬಟನ್ ಒತ್ತಿದಾಗ ಅನೇಕ ಕಾರುಗಳು ತಾವಾಗಿಯೇ ಹೊರಗಾಳಿಗೆ ತಿರುಗುತ್ತವೆ. ಅದು ದೋಷವಲ್ಲ, ಕಾರಿನ ವಿನ್ಯಾಸವೇ ಹಾಗೆ.

ಆಟೋಮ್ಯಾಟಿಕ್ ಎಸಿಯಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಸಲ ಮೋಟಾರ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಬರುವ ಆದೇಶವೇ ತಪ್ಪಾಗಿರುತ್ತದೆ. ಒಳಗಿನ ತಾಪಮಾನ ಅಳೆಯುವ ಸೆನ್ಸರ್ ಕೆಟ್ಟು ‘ಕಾರು ತುಂಬಾ ತಣ್ಣಗಿದೆ’ ಎಂದು ಹೇಳುತ್ತಿದ್ದರೆ ಕಂಟ್ರೋಲರ್, ಅಂದರೆ ಮೋಟಾರಿಗೆ ಆದೇಶ ಕೊಡುವ ಎಲೆಕ್ಟ್ರಾನಿಕ್ ಯೂನಿಟ್, ಬಿಸಿ ಬೆರೆಸುತ್ತದೆ. ತಾಪಮಾನವನ್ನು ‘ಲೋ’ ತನಕ ಇಳಿಸಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಆಗ ಸೆನ್ಸರ್ ಏನೇ ಹೇಳಲಿ, ಫ್ಲಾಪ್ ಪೂರ್ತಿ ತಣ್ಣನೆಯ ಕಡೆಗೆ ಹೋಗುತ್ತದೆ. ಲೋದಲ್ಲಿ ತಣ್ಣಗೆ ಬಂದು 24ರಲ್ಲಿ ಮಾತ್ರ ಬಿಸಿ ಬಂದರೆ ಮೋಟಾರನ್ನು ಬಿಟ್ಟು ಸೆನ್ಸರ್ ಹಿಂದೆ ಬೀಳಿ.

ಒಂದು ಗಂಟೆ ಓಡಿಸಿದ ಮೇಲೆ ಗಾಳಿಯೇ ಕಡಿಮೆಯಾಗಿ, ಎಸಿ ಹತ್ತು ನಿಮಿಷ ಆರಿಸಿದರೆ ಮತ್ತೆ ಸರಿಹೋಗುತ್ತದೆಯೇ? ಅದು ಕೂಲಿಂಗ್ ಕಾಯಿಲಿನ ಮೇಲೆ ಐಸ್ ಕಟ್ಟುವ ಲಕ್ಷಣ, ಫ್ಲಾಪ್ ಅಲ್ಲ.

ಮೋಟಾರ್ ಹೇಗೆ ಕೆಡುತ್ತದೆ

ಫ್ಲಾಪ್ ಮೋಟಾರನ್ನು ಬಿಚ್ಚಿ ನೋಡಿದರೆ ಆಟಿಕೆಯಲ್ಲಿರುವಂಥ ಸಣ್ಣ ಡಿಸಿ ಮೋಟಾರ್, ಅದರ ತುದಿಗೆ ಸುರುಳಿ ಹಲ್ಲಿನ ಒಂದು ಗೇರು, ಆಮೇಲೆ ವೇಗ ಇಳಿಸುವ ನೈಲಾನ್ ಗೇರುಗಳು. ಮೋಟಾರ್ ಹಲವು ಸುತ್ತು ತಿರುಗಿದಾಗ ಹೊರಗಿನ ತುದಿ ಸ್ವಲ್ಪವೇ ತಿರುಗುತ್ತದೆ. ವೇಗ ಕಳೆದುಕೊಂಡು ಬಲ ಗಳಿಸುವ ಲೆಕ್ಕ.

ಅನೇಕ ಕಾರುಗಳ ಮೋಟಾರಿಗೆ ಐದು ವೈರ್ ಇರುತ್ತವೆ. ಎರಡು ಮೋಟಾರಿಗೆ. ಅದಕ್ಕೆ 12 ವೋಲ್ಟ್ ಒಂದು ದಿಕ್ಕಿನಲ್ಲಿ ಕೊಟ್ಟರೆ ಫ್ಲಾಪ್ ತೆರೆಯುತ್ತದೆ, ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಮುಚ್ಚುತ್ತದೆ. ಉಳಿದ ಮೂರು ವೈರ್ ಒಳಗಿನ ಪೊಟೆನ್ಶಿಯೋಮೀಟರಿಗೆ, ಅಂದರೆ ಹಳೆ ರೇಡಿಯೋದ ವಾಲ್ಯೂಮ್ ನಾಬಿನೊಳಗೆ ಇರುತ್ತಿದ್ದ ಅದೇ ಬಿಡಿಭಾಗಕ್ಕೆ. ಕಂಟ್ರೋಲರ್ ಅದಕ್ಕೆ 5 ವೋಲ್ಟ್ ಕೊಡುತ್ತದೆ. ಫ್ಲಾಪ್ ತಿರುಗಿದಂತೆ ಸಿಗ್ನಲ್ ವೈರಿನ ವೋಲ್ಟೇಜ್ ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನ ನಡುವೆ ಏರಿಳಿಯುತ್ತದೆ. ಇದನ್ನು ನೋಡಿಯೇ ಕಂಟ್ರೋಲರಿಗೆ ಫ್ಲಾಪ್ ಎಲ್ಲಿದೆ ಎಂದು ತಿಳಿಯುವುದು.

ಟಕ್ ಟಕ್ ಯಾಕೆ ಬರುತ್ತದೆ ಎನ್ನುವುದು ಈಗ ಅರ್ಥವಾಗುತ್ತದೆ. ಕಂಟ್ರೋಲರ್ ‘ಪೂರ್ತಿ ತಣ್ಣಗೆ ಹೋಗು’ ಎನ್ನುತ್ತದೆ. ಮೋಟಾರ್ ತಿರುಗುತ್ತದೆ. ಗೇರಿನ ಒಂದು ಹಲ್ಲು ಮುರಿದಿರುವುದರಿಂದ ಮುಂದೆ ಹೋದದ್ದು ಅಲ್ಲೇ ಜಾರುತ್ತದೆ. ಸಿಗ್ನಲ್ ಬದಲಾಗುವುದಿಲ್ಲ. ಕಂಟ್ರೋಲರ್ ಮತ್ತೆ ಮತ್ತೆ ತಳ್ಳುತ್ತದೆ, ಕೊನೆಗೆ ಸೋತು ಬಿಡುತ್ತದೆ. ಮಾರನೆಯ ದಿನ ಕೀ ತಿರುಗಿಸಿದಾಗ ಮತ್ತೆ ಶುರು. ಸದ್ದಿಲ್ಲದೆ ಕೆಡುವ ಮೋಟಾರೂ ಇದೆ. ಅದರಲ್ಲಿ ಪೊಟೆನ್ಶಿಯೋಮೀಟರಿನ ಪಟ್ಟಿ ಸವೆದಿರುತ್ತದೆ, ಫ್ಲಾಪ್ ಒಂದು ಜಾಗದಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ಒಮ್ಮೆ ತಣ್ಣಗೆ, ಒಮ್ಮೆ ಬೆಚ್ಚಗೆ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಗೇರ್ ಸುಮ್ಮನೆ ಮುರಿಯುವುದಿಲ್ಲ. ನೈಲಾನ್ ಹಳತಾಗಿ ಬಿರಿಯುವುದು ಒಂದು ಕಾರಣ. ಇನ್ನೊಂದು ಕಾರಣ ಅಡ್ಡ ಬಿದ್ದ ಕಸ. ಮೈಸೂರಿನ ಬೀದಿಗಳಲ್ಲಿ ಗುಲ್‌ಮೊಹರ್, ಹೊಂಗೆ ಮರದ ನೆರಳಿಗೆ ಕಾರ್ ನಿಲ್ಲಿಸುವುದು ನಮ್ಮೆಲ್ಲರ ಅಭ್ಯಾಸ. ಗುಲ್‌ಮೊಹರಿನ ಚೂರೆಲೆಗಳು ವೈಪರಿನ ಕೆಳಗಿನ ಜಾಲರಿಯಲ್ಲಿ ನುಸುಳಿ ನೇರ ಮೊದಲ ಫ್ಲಾಪಿಗೆ ಹೋಗುತ್ತವೆ. ಅನೇಕ ಕಾರುಗಳಲ್ಲಿ ಎಸಿ ಫಿಲ್ಟರ್ ಇರುವುದು ಆ ಫ್ಲಾಪ್ ಆದ ಮೇಲೆ, ಹಾಗಾಗಿ ಅಲ್ಲಿ ಫಿಲ್ಟರ್ ಇದನ್ನು ತಡೆಯುವುದಿಲ್ಲ. ಗದ್ದೆ ಬದಿಯ ಮನೆಗಳಲ್ಲಿ ಇಲಿ ಇದೇ ದಾರಿಯಲ್ಲಿ ಬಂದು ಒಳಗೆ ಗೂಡು ಕಟ್ಟುತ್ತದೆ, ವೈರನ್ನೂ ಕಡಿಯುತ್ತದೆ. ಇನ್ನು ಡ್ಯಾಷ್‌ಬೋರ್ಡಿನ ಮೇಲಿನ ಗಾಜಿನ ವೆಂಟ್. ಆಯುಧ ಪೂಜೆಯ ಹೂವು, ದೇವಸ್ಥಾನದಿಂದ ತಂದ ಪ್ರಸಾದದ ಮಲ್ಲಿಗೆ, ಪಾರ್ಕಿಂಗ್ ಚೀಟಿ, ಪೆನ್ನು, ನಾಣ್ಯ ಎಲ್ಲ ಅದರೊಳಗೆ ಇಳಿಯುತ್ತವೆ. ಹೂವು ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ವೆಂಟ್ ಬಿಟ್ಟು ಇಡಿ.

ಬಿಚ್ಚಿ ನೋಡುವುದು

ಕಾರ್ ಇನ್ನೂ ವಾರಂಟಿಯಲ್ಲಿದ್ದರೆ ಇಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಹೋಗಿ. ಇಲ್ಲವಾದರೆ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆಯಿರಿ. ಗ್ಲೌವ್ ಬಾಕ್ಸಿನ ಮೇಲೆಯೇ ಏರ್‌ಬ್ಯಾಗ್ ಇದೆ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಯೂನಿಟ್ಟಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಕಾರಿನ ಕೈಪಿಡಿ ಎಷ್ಟು ನಿಮಿಷ ಕಾಯಲು ಹೇಳಿದೆಯೋ ಅಷ್ಟು ಕಾಯಿರಿ. ಹಳದಿ ಬಣ್ಣದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಅಥವಾ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದರ ತಂಟೆಗೆ ಹೋಗಬೇಡಿ, ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನಂತೂ ಇಡಲೇಬೇಡಿ.

ಗ್ಲೌವ್ ಬಾಕ್ಸ್ ಹೆಚ್ಚಿನ ಕಾರುಗಳಲ್ಲಿ ಎರಡು ಬದಿಯನ್ನು ಒಳಕ್ಕೆ ಒತ್ತಿದರೆ ಅಥವಾ ಕೆಲವು ಸ್ಕ್ರೂ ಬಿಚ್ಚಿದರೆ ಬರುತ್ತದೆ. ಒಳಗಾಳಿ ಫ್ಲಾಪಿನ ಮೋಟಾರ್ ಸಾಮಾನ್ಯವಾಗಿ ಇಲ್ಲೇ, ಬ್ಲೋವರಿನ ಹತ್ತಿರ ಸಿಗುತ್ತದೆ. ಬೆರೆಸುವ ಮೋಟಾರ್ ಮಧ್ಯದ ಡಬ್ಬಿಯ ಪಕ್ಕದಲ್ಲಿ ಇರುತ್ತದೆ, ಕೆಲವು ಕಾರುಗಳಲ್ಲಿ ಡ್ರೈವರ್ ಕಡೆ, ಆಕ್ಸಲರೇಟರ್ ಪೆಡಲಿನ ಮೇಲೆ. ಕೈ ಹೋಗುತ್ತದೆ, ತಲೆ ಹೋಗುವುದಿಲ್ಲ. ಮೊಬೈಲಿನ ಟಾರ್ಚ್ ಹಚ್ಚಿ ವಿಡಿಯೋ ತೆಗೆಯುತ್ತಾ ಒಳಗೆ ತೂರಿಸಿದರೆ ಕನ್ನಡಿಗಿಂತ ಚೆನ್ನಾಗಿ ಕಾಣುತ್ತದೆ.

ಮೋಟಾರ್ ಕೆಲಸ ಮಾಡುತ್ತಾ ಇರುವುದನ್ನು ನೋಡಲು ಗ್ಲೌವ್ ಬಾಕ್ಸ್ ಬಿಚ್ಚಿದ ಮೇಲೆ ಬ್ಯಾಟರಿ ಮತ್ತೆ ಜೋಡಿಸಬೇಕಾಗುತ್ತದೆ. ಇನ್ನೊಬ್ಬರನ್ನು ಕೂರಿಸಿ ತಾಪಮಾನ ಪೂರ್ತಿ ಕೆಳಗೆ, ಪೂರ್ತಿ ಮೇಲೆ ಮಾಡಿಸಿ. ನೀವು ಮೋಟಾರಿನ ಮೇಲೆ ಬೆರಳಿಡಿ. ನಡುಗಿದರೂ ತುದಿ ತಿರುಗದಿದ್ದರೆ ಗೇರ್ ಹೋಗಿದೆ. ತುದಿ ತಿರುಗಿದರೂ ಗಾಳಿ ಬದಲಾಗದಿದ್ದರೆ ಫ್ಲಾಪಿನ ಕಡ್ಡಿಯೋ ಲಿವರೋ ಮುರಿದಿದೆ. ಅದು ಕೆಟ್ಟ ಸುದ್ದಿ, ಡ್ಯಾಷ್‌ಬೋರ್ಡ್ ಇಳಿಸಬೇಕಾಗಬಹುದು. ಏನೂ ಆಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಕಪ್ಲರ್. ಕಪ್ಲರ್ ಹಾಕಿದ್ದಂತೆಯೇ ಹಿಂದಿನಿಂದ ಮಲ್ಟಿಮೀಟರಿನ ಸೂಜಿ ತಾಗಿಸಿ. ತಾಪಮಾನ ಬದಲಿಸಿದ ಕ್ಷಣ ಮೋಟಾರಿನ ಎರಡು ವೈರುಗಳ ನಡುವೆ ವೋಲ್ಟೇಜ್ ಬಂದೂ ಮೋಟಾರ್ ಅಲ್ಲಾಡದಿದ್ದರೆ ಮೋಟಾರ್ ಸತ್ತಿದೆ. ವೋಲ್ಟೇಜೇ ಬರದಿದ್ದರೆ ವೈರಿಂಗ್ ಅಥವಾ ಕಂಟ್ರೋಲರ್. ಈಚಿನ ಕೆಲವು ಕಾರುಗಳಲ್ಲಿ ಆದೇಶ ಡಿಜಿಟಲ್ ಸಂದೇಶವಾಗಿ ಹೋಗುತ್ತದೆ. ಅಲ್ಲಿ ಮೀಟರ್ ಉತ್ತರ ಹೇಳುವುದಿಲ್ಲ, ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರಿಗೆ ಎಸಿಯ ಕೋಡ್ ಕಾಣದೇ ಇರಬಹುದು.

ಈಗ ಬ್ಯಾಟರಿ ಮತ್ತೆ ಕಳಚಿ, ಮೊದಲಿನಷ್ಟೇ ಹೊತ್ತು ಕಾದು ಮೋಟಾರ್ ಬಿಚ್ಚಿ. ಎರಡೋ ಮೂರೋ ಸ್ಕ್ರೂ ಇರುತ್ತವೆ. ಉದ್ದನೆಯ, ತುದಿಯಲ್ಲಿ ಮ್ಯಾಗ್ನೆಟ್ ಇರುವ ಡ್ರೈವರ್ ಬಳಸಿ, ಕೆಳಗೆ ಒಂದು ಟವೆಲ್ ಹಾಸಿ. ಬಿಚ್ಚುವ ಮುಂಚೆ ತುದಿ ಯಾವ ಕಡೆ ತಿರುಗಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೋಟಾರ್ ಹೊರಬಂದ ಮೇಲೆ ಫ್ಲಾಪಿನ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಒಂದೇ ಹದದ ಬಿಗಿಯಲ್ಲಿ ಸರಾಗ ಹೋಗಿ, ಎರಡೂ ತುದಿಯಲ್ಲಿ ಮೆತ್ತಗೆ ತಾಗಿ ನಿಲ್ಲಬೇಕು. ಮಧ್ಯದಲ್ಲಿ ಎಲ್ಲೋ ಹಿಡಿದರೆ ಬಲ ಹಾಕಬೇಡಿ. ಎಸಿ ಫಿಲ್ಟರ್ ಜಾಗದಿಂದ ಅಥವಾ ವೆಂಟಿನಿಂದ ಕ್ಯಾಮೆರಾ ತೂರಿಸಿ ಅಡ್ಡ ಏನಿದೆ ನೋಡಿ, ತೆಗೆಯಿರಿ. ಹಾಗೆಯೇ ಬಿಟ್ಟು ಹೊಸ ಮೋಟಾರ್ ಹಾಕಿದರೆ ಅದರ ಗೇರೂ ಮುರಿಯುತ್ತದೆ. ತಡೆಯಿಲ್ಲದೆ ಗಿರಗಿರ ತಿರುಗಿದರೆ ಫ್ಲಾಪ್ ಕಡ್ಡಿಯಿಂದ ಕಳಚಿಕೊಂಡಿದೆ.

ಇನ್ನೊಂದು ಮಾತು. ಫ್ಲಾಪ್ ಕೈಯಲ್ಲಿ ಸರಾಗ ತಿರುಗುತ್ತಿದ್ದು, ಹೊಸ ಮೋಟಾರ್ ಬರಲು ದಿನಗಳಾಗುತ್ತವೆ ಎಂದಾದರೆ, ಅದನ್ನು ತಣ್ಣನೆಯ ಕಡೆಗೆ ತಿರುಗಿಸಿ ಕಟ್ಟಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ಮೈಸೂರಿನ ಬೇಸಿಗೆಗೆ ತಾತ್ಕಾಲಿಕವಾಗಿ ಅದು ನಡೆಯುತ್ತದೆ, ನನ್ನ ಆಕ್ಷೇಪವಿಲ್ಲ. ಡಿಸೆಂಬರಿನಲ್ಲಿ ಊಟಿಗೆ ಹೊರಟಾಗ ಹೀಟರ್ ಬೇಕಾಗುತ್ತದೆ ಎಂಬುದು ನೆನಪಿರಲಿ.

ಹೊಸದನ್ನು ಕೂರಿಸುವುದು

ಹೊಸ ಮೋಟಾರ್ ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್ ತೆಗೆದುಕೊಂಡು ಹೋಗಿ. ನೋಡಲು ಒಂದೇ ಥರ ಇದ್ದು ತಿರುಗುವ ದಿಕ್ಕು, ಕೋನ ಬೇರೆ ಇರುವ ಮೋಟಾರುಗಳಿವೆ. ಗುಜರಿಯಲ್ಲಿ ಸಿಗುವ ಸೆಕೆಂಡ್ಸ್ ಮೋಟಾರ್ ನನಗೆ ಇಷ್ಟವಿಲ್ಲ. ಅದರ ನೈಲಾನಿಗೂ ನಿಮ್ಮ ಹಳೆ ಮೋಟಾರಿನಷ್ಟೇ ವಯಸ್ಸಾಗಿರಬಹುದು, ಕೂಲಿ ಮಾತ್ರ ಎರಡು ಸಲ ಕೊಡಬೇಕಾಗುತ್ತದೆ. ಕಂಪನಿ ತಯಾರಿಕೆ ನಿಲ್ಲಿಸಿದ ಹಳೆ ಮಾಡೆಲ್ ಆದರೆ ಬೇರೆ ಮಾತು.

ಮೋಟಾರಿನ ತುದಿಯನ್ನು ಕೈಯಿಂದ ಬಲವಂತವಾಗಿ ತಿರುಗಿಸಬಾರದು. ಗೇರ್ ಅಲ್ಲೇ ಹಾಳಾಗುತ್ತದೆ. ಮೋಟಾರ್ ಬಂದಿರುವ ಸ್ಥಿತಿಗೆ ಹೊಂದುವಂತೆ ಫ್ಲಾಪಿನ ಕಡ್ಡಿಯನ್ನು ತಿರುಗಿಸಿಕೊಳ್ಳಿ. ಕೂತ ಮೇಲೆ ಮೋಟಾರ್ ಡಬ್ಬಿಗೆ ಸಪಾಟಾಗಿ ತಾಗಬೇಕು. ಸ್ಕ್ರೂ ಬಿಗಿಸಿ ಎಳೆದು ಕೂರಿಸಲು ಹೋಗಬೇಡಿ. ಸ್ಕ್ರೂ ಹೋಗುವುದು ಪ್ಲಾಸ್ಟಿಕ್ಕಿಗೆ. ಮೊದಲು ಉಲ್ಟಾ ತಿರುಗಿಸಿ, ಹಳೆ ಮರೆಯಲ್ಲಿ (ಥ್ರೆಡ್ಡಿನಲ್ಲಿ) ‘ಟಕ್’ ಎಂದು ಕೂತದ್ದು ಗೊತ್ತಾದ ಮೇಲೆ ಬಲಕ್ಕೆ ತಿರುಗಿಸಿ. ಬಿಗಿಯಾಯಿತು ಎನಿಸಿದ ಕಡೆ ಕೈ ಬಿಡಿ. ಗೇರಿಗೆ, ಕಪ್ಲರಿಗೆ ಸ್ಪ್ರೇ ಎಣ್ಣೆ ಹೊಡೆಯುವ ಅಭ್ಯಾಸವೂ ಬೇಡ. ಹೊರಗಿನ ಲಿವರಿಗೆ ಬೇಕಿದ್ದರೆ ಚೂರು ಸಿಲಿಕಾನ್ ಗ್ರೀಸ್ ಸಾಕು. ಈ ಇಡೀ ಕೆಲಸದಲ್ಲಿ ಎಸಿ ಗ್ಯಾಸಿನ ಪೈಪ್ ಎಲ್ಲೂ ಬಿಚ್ಚುವುದಿಲ್ಲ. ಮೋಟಾರ್ ಬದಲಿಸಿದ ಬಿಲ್ಲಿನಲ್ಲಿ ಗ್ಯಾಸ್ ಚಾರ್ಜೂ ಸೇರಿದ್ದರೆ ಯಾಕೆ ಎಂದು ಕೇಳಿ.

ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಎಸಿಯ ಯಾವ ಬಟನ್ನನ್ನೂ ಮುಟ್ಟಬೇಡಿ. ಅನೇಕ ಕಾರುಗಳಲ್ಲಿ ಕಂಟ್ರೋಲರ್ ಆಗ ಫ್ಲಾಪನ್ನು ಎರಡೂ ತುದಿಗೆ ಒಯ್ದು, ಕೊನೆ ಎಲ್ಲಿದೆ ಎಂದು ಕಲಿತುಕೊಳ್ಳುತ್ತದೆ. ಕೆಲವದರಲ್ಲಿ ಇದಕ್ಕೆ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕು, ಇನ್ನು ಕೆಲವದರಲ್ಲಿ ಸ್ಕ್ಯಾನರಿನಿಂದಲೇ ಮಾಡಿಸಬೇಕು. ಇದು ಆಗದಿದ್ದರೆ ಹೊಸ ಮೋಟಾರೂ ಹಳೆಯದರಂತೆಯೇ ಅರ್ಧಕ್ಕೆ ನಿಲ್ಲಬಹುದು, ಮೋಟಾರ್ ಡೂಪ್ಲಿಕೇಟ್ ಎಂದು ಅಂಗಡಿಯವನ ಜೊತೆ ಸುಮ್ನೆ ಜಗಳವಾಗುತ್ತದೆ.

ಕೊನೆಗೆ ಎಂಜಿನ್ ಪೂರ್ತಿ ಕಾಯುವಷ್ಟು ದೂರ, ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೋ ಏನೋ, ಓಡಿಸಿ ‘ಲೋ’ದಲ್ಲಿ ನೋಡಿ. ಫ್ಲಾಪ್ ಪೂರ್ತಿ ತಿರುಗುತ್ತಿದೆ, ದಪ್ಪ ಪೈಪ್ ತಣ್ಣಗಿದೆ, ಆದರೂ ಗಾಳಿ ಬೆಚ್ಚಗೆ ಬರುತ್ತಿದೆ ಎಂದರೆ ಫ್ಲಾಪಿನ ಅಂಚಿನ ಸ್ಪಂಜು ಉದುರಿ ಬಿಸಿ ಗಾಳಿ ನುಸುಳುತ್ತಿರಬಹುದು. ಹೀಟರಿಗೆ ನೀರು ನಿಲ್ಲಿಸುವ ವಾಲ್ವ್ ಇರುವ ಕಾರಾದರೆ ಆ ವಾಲ್ವ್ ಮುಚ್ಚುತ್ತಿದೆಯೇ ಎಂದೂ ಗ್ಯಾರೇಜಿನಲ್ಲಿ ನೋಡಿಸಿ.